ಆರು ಸೀಟು, ಎರಡು ಕಂಕಣ

೮-೧-೧೯೬೦, ಶುಕ್ರವಾರ. ಹಾಸ್ಟೆಲು, ಬೆಂಗಳೂರು

ಕೈಗೆ ಮತ್ತೆ ಕೊಳೆತ ಮೊಟ್ಟೆ ವಾಸನೆ. ಎರಡು ಸಲ ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಲ್ಯಾಬಿನಲ್ಲಿ ಆ ನಾರುವ ಗ್ಯಾಸಿನ ಪಕ್ಕದ ಬೆಂಚೇ ನನಗೆ ಗತಿ. ಎದುರಿಗೆ ಕಿಟಕಿ ಪಕ್ಕದ ಬೆಂಚು, ತಣ್ಣನೆ ಗಾಳಿ—ಅದು ಆದಿಲಕ್ಷ್ಮಿಗೆ. ಮಹಾರಾಣಿಗೆ.

ಪ್ರಿಪರೇಟರಿ ಮಾರ್ಕ್ಸ್ ಹಾಕಿದ್ದಾರೆ. ಮೊದಲನೆಯವಳು ಅವಳೇ. ನಾನು ಏಳನೆಯವನು.

ಆನರ್ಸ್ ಮೂರು ವರ್ಷ, ಅದರ ಬೆನ್ನಿಗೇ ಒಂದು ವರ್ಷ ಎಂ.ಎಸ್ಸಿ. ಊರಲ್ಲೆಲ್ಲ ಹಾಗೆಂದು ಹೇಳಿಕೊಂಡು ಬಂದಿದ್ದೆ, ನಾಲ್ಕು ವರ್ಷ ಕಣ್ಣು ಮುಚ್ಚಿ ಕೂತರೆ ಕೆಮಿಸ್ಟ್ರಿ ಎಂ.ಎಸ್ಸಿ. ಆಗಿಬಿಡುತ್ತೇನೆ ಎನ್ನುವ ಹಾಗೆ. ಎಂ.ಎಸ್ಸಿ.ಗೆ ಇರುವುದು ಆರೇ ಸೀಟು. ಏಳನೆಯವನು ಮನೆಗೆ. ಮೇಲೂರಿಗೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲಿಕ್ಕೆ, ರೇಷ್ಮೆಹುಳು ಮೇಯಿಸಲಿಕ್ಕೆ.

ಬೇರೆ ಯಾರಾದರೂ ಫಸ್ಟ್ ಬಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸ್ವಂತ ಸೋದರಮಾವನ ಮಗಳು! ಚಡ್ಡಿ ಹಾಕುವ ಕಾಲದಲ್ಲಿ ನಾನೇ ಮಗ್ಗಿ ಹೇಳಿಕೊಟ್ಟಿದ್ದೆ.

೧೧-೧-೧೯೬೦, ಸೋಮವಾರ

ಪ್ರೊಫೆಸರ್ ಇವತ್ತು ಎಲ್ಲರನ್ನೂ ಕರೆದು ಆದಿಯ ಬೀಕರಿನ ತಳದಲ್ಲಿ ಕೂತ ಗಷ್ಟು ತೋರಿಸಿದರು. "Look at this. ಪ್ರೆಸಿಪಿಟೇಟ್ ಅಂದ್ರೆ ಹೀಗಿರಬೇಕು." ನಾವು ಹತ್ತು ಜನ ದೇವರ ದರ್ಶನಕ್ಕೆ ನಿಂತ ಹಾಗೆ ನಿಂತು ನೋಡಿದೆವು. ಅವಳು ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ನೋಡುತ್ತಿದ್ದಳು. ವಿನಯ ಬೇರೆ. ಥೂ.

ಅದಕ್ಕಿಂತ ಉರಿಸುವುದು ಇನ್ನೊಂದಿದೆ. ನಾನು ತಪ್ಪು ಮಾಡಿದಾಗೆಲ್ಲ ಗಾಜಿನ ಕಡ್ಡಿಯಿಂದ ತನ್ನ ಬೀಕರ್ ಅಂಚಿಗೆ ಮೆಲ್ಲಗೆ ಟಣ್ ಎನ್ನಿಸುತ್ತಾಳೆ. ಮೂರು ವರ್ಷದಿಂದ ಇದೇ. ಬೇರೆಯವರಿಗೆ ತಿಳಿಯುವುದಿಲ್ಲ. ನಾನು ಮಾತ್ರ ತಲೆಯೆತ್ತುತ್ತೇನೆ, ತಪ್ಪು ಹುಡುಕುತ್ತೇನೆ, ತಿದ್ದಿಕೊಳ್ಳುತ್ತೇನೆ. ಇವತ್ತು ಒಂದೇ ಮಧ್ಯಾಹ್ನ ಮೂರು ಟಣ್. ಉಪಕಾರವಂತೆ! ನನ್ನ ಬೆಂಚಿನ ಮೇಲೆ ಕಣ್ಣಿಟ್ಟುಕೊಂಡೂ ಅವಳ ಕೆಲಸ ಮೊದಲು ಮುಗಿಯುತ್ತದಲ್ಲ, ಅದು ಹೇಗೆ?

೧೪-೧-೧೯೬೦, ಸಂಕ್ರಾಂತಿ. ಮೇಲೂರು

ಹಿತಕಬೇಳೆ ಸಾರು. ಮೂರು ಸಲ ಬಡಿಸಿಕೊಂಡೆ. ಹೊಟ್ಟೆ ತುಂಬಿತು, ಉರಿ ಆರಲಿಲ್ಲ.

ಅಮ್ಮ ಎಳ್ಳು ಬೀರಲು ಹೊರಟವಳು ಬಾಗಿಲಲ್ಲೇ ನಿಂತು ಕೇಳಿದಳು, "ಆದಿ ಹೆಂಗವ್ಳೆ? ಚೆನ್ನಾಗಿ ಓದ್ತಾ ಅವ್ಳಾ?"

ಮಗ ಎದುರಿಗೆ ಕೂತಿದ್ದಾನೆ. ಕೇಳುವುದು ಅಣ್ಣನ ಮಗಳನ್ನು.

ಆಗಲೇ ಬಾಯಿಗೆ ಬಂತು, ಯೋಚಿಸಿ ಹೇಳಿದ್ದಲ್ಲ. "ಅಮ್ಮಾ, ಹೆಂಗಿದ್ರೂ ಅವಳು ಈ ಮನೆಗೇ ಬರೋಳಲ್ವಾ? ತಾಂಬೂಲ ಯಾಕೆ ತಡ ಮಾಡ್ತೀಯ?"

ಅಮ್ಮನ ಮುಖ ನೋಡಬೇಕಿತ್ತು. ಎಳ್ಳಿನ ತಟ್ಟೆ ಕೆಳಗಿಟ್ಟು ನನ್ನ ಕೆನ್ನೆಗೆ ನೆಟಿಕೆ ಮುರಿದಳು. "ಬುದ್ಧಿ ಬಂತು ಕಣಪ್ಪ ನಿನಗೆ!"

ಆಮೇಲೆ ಕೂತು ಲೆಕ್ಕ ಹಾಕಿದೆ. ಮದುವೆ ಗೊತ್ತಾದ ಹುಡುಗಿಯನ್ನು ಯಾರು ಎಂ.ಎಸ್ಸಿ.ಗೆ ಕಳಿಸುತ್ತಾರೆ? ಅವಳು ಬಿಟ್ಟರೆ ಏಳನೆಯವನು ಆರನೆಯವನಾಗುತ್ತಾನೆ. ಸೀಟೂ ನನ್ನದು, ಹುಡುಗಿಯೂ ನನ್ನವಳು.

ಅವಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಇದೆ. ಅದೇ ದೊಡ್ಡ ತೊಂದರೆ.

೧೬-೧-೧೯೬೦, ಶನಿವಾರ. ಚಿಂತಾಮಣಿ

ಆವುಲಪ್ಪ ಮಾವನ ಮಂಡಿಯಲ್ಲಿ ಕಡಲೆಕಾಯಿ ರಾಶಿ. ನನ್ನ ನೋಡಿದ್ದೇ "ಏಮ್ರಾ ಅಲ್ಲುಡೂ!" ಎಂದು ತೆಲುಗಿನಲ್ಲಿ ಅಳಿಯನನ್ನು ವಿಚಾರಿಸಿ ಬೆನ್ನಿಗೆ ಗುದ್ದಿದರು. ಮನೆಗೆ ಹೋದ ಮೇಲೆ ಅಮ್ಮ ವಿಷಯ ಎತ್ತಿದಳು. ಮಾವನಿಗೆ ಸಂತೋಷವೇ, ಆದರೂ ತಲೆ ಕೆರೆದುಕೊಂಡರು.

"ಹುಡುಗಿ ಇನ್ನೂ ಒಂದು ವರ್ಷ ಓದ್ಬೇಕು ಅಂತಾಳಮ್ಮ ತಂಗೀ."

ನಾನು ದೊಡ್ಡ ಮನುಷ್ಯನ ಹಾಗೆ ಗಂಟಲು ಸರಿಮಾಡಿಕೊಂಡೆ. "ಮಾವ, ಮನೆಗೆ ಒಂದು ಎಂ.ಎಸ್ಸಿ. ಇದ್ರೆ ಸಾಕಲ್ವಾ? ಇಬ್ಬರೂ ಓದಿ ಯಾರಿಗೆ ಪಾಠ ಹೇಳ್ಬೇಕು?"

ಎಲ್ಲರೂ ನಕ್ಕರು. ಮಾವ ತೊಡೆ ತಟ್ಟಿಕೊಂಡು, "ಅದೂ ನಿಜವೇ! ಮನೆಗೊಂದು ಎಂ.ಎಸ್ಸಿ. ಸಾಕು!" ಎಂದರು. ಹಬ್ಬಕ್ಕೆ ಬಂದಿದ್ದ ಆದಿ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

೨೮-೨-೧೯೬೦, ಭಾನುವಾರ. ಚಿಂತಾಮಣಿ

ತಾಂಬೂಲ ಆಯಿತು. ಬುಧವಾರ ಫೈನಲ್ ಪ್ರಾಕ್ಟಿಕಲ್, ಭಾನುವಾರ ತಾಂಬೂಲ! ಮುಂದಕ್ಕೆ ಹಾಕಿ ಎಂದು ಆದಿ ಬೇಡಿಕೊಂಡಳಂತೆ. ಇದು ಬಿಟ್ಟರೆ ಒಳ್ಳೆಯ ದಿನವಿಲ್ಲ ಎಂದು ಅಮ್ಮ ಹಟ ಹಿಡಿದಳು. ಅಮ್ಮನ ಕಿವಿ ಊದಿದವನು ಯಾರೆಂದು ಬರೆಯಬೇಕಾಗಿಲ್ಲ.

ನಮ್ಮ ಮನೆತನದ ಪದ್ಧತಿಯಂತೆ ತಾಂಬೂಲದ ದಿನವೇ ಕಂಕಣ. ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ, ನನಗೆ ಬಲಗೈಗೆ, ಅವಳಿಗೆ ಎಡಗೈಗೆ, ಸಡಿಲವಾಗಿ. ಬಿಚ್ಚುವುದು ಮದುವೆಯಾದ ಮೇಲೆಯೇ. ದಿನಾ ಸ್ನಾನವಾದ ಮೇಲೆ ಅದಕ್ಕೆ ಹೊಸ ಅರಿಶಿನ ತೊಡೆಯಬೇಕು. ಅಮ್ಮ ಇಬ್ಬರಿಗೂ ಒಂದೊಂದು ಪೊಟ್ಟಣ ಕಟ್ಟಿಕೊಟ್ಟಿದ್ದಾಳೆ. "ಮರೆತೀರಾ ಜೋಕೆ. ಅಪಶಕುನ."

ಆರತಿ ಎತ್ತಿದರು. ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು. ಆದಿ ತಟ್ಟೆಯನ್ನೇ ನೋಡುತ್ತಿದ್ದಳು. ಚೆನ್ನಾಗಿ ಕಾಣುತ್ತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಲ್ಲೂ ಅವಳೇ ಫಸ್ಟ್.

೨೯-೨-೧೯೬೦, ಸೋಮವಾರ. ಹಾಸ್ಟೆಲು

ಬೆಳಿಗ್ಗೆ ಚಿಕ್ಕ ರೈಲಿನಲ್ಲಿ ಇಬ್ಬರೂ ಬಂದೆವು. ಅವಳು ಮಲ್ಲೇಶ್ವರದ ಚಿಕ್ಕಮ್ಮನ ಮನೆಗೆ, ನಾನು ಇಲ್ಲಿಗೆ. ಚಿಕ್ಕಬಳ್ಳಾಪುರದಲ್ಲಿ ಇಂಜಿನ್ ನೀರು ಕುಡಿಯುವಾಗ ಬಾಯಿ ಬಿಟ್ಟಳು.

"ಭಾವ, ಪ್ರಾಕ್ಟಿಕಲ್ ದಿನ ಕಂಕಣ ಬಿಚ್ಚಿಡಣ. ಮುಗಿದ ಮೇಲೆ ಕಟ್ಕೊಳಣ. ಅರಿಶಿನ ಬೆರಳಿಗೆಲ್ಲ ಅಂಟುತ್ತೆ. ಅಮೋನಿಯಾ ಹಾಕಿದ್ರೆ ಕೆಂಪಗಾಗುತ್ತೆ ಅಂತ ನಿನಗೆ ಗೊತ್ತಿಲ್ವಾ? ನಿನ್ನೆ ಆರತಿ ತಟ್ಟೇಲೇ ನೋಡಿದ್ಯಲ್ಲ."

ಗೊತ್ತು. ಚೆನ್ನಾಗಿ ಗೊತ್ತು. ಗೊತ್ತಿದ್ದರಿಂದಲೇ ನಾಲಿಗೆಯ ಮೇಲೆ ಶನಿ ಕೂತ. "ಶಾಸ್ತ್ರ ಅಂದ್ರೆ ಆಟ ಅಂದ್ಕೊಂಡ್ಯೇನೇ? ಬಿಚ್ಚಿದ್ರೆ ಅಮ್ಮಂಗೆ ಹೇಳ್ತೀನಿ."

ಅವಳು ಪುಸ್ತಕ ತೆರೆದಳು. ಬೈದಿದ್ದರೆ ಚೆನ್ನಾಗಿತ್ತು. ಯಲಹಂಕದವರೆಗೂ ಅದನ್ನೇ ಓದಿದಳು.

ಒಂದೇ ಒಂದು ಸಲ ಅವಳ ಪ್ರೆಸಿಪಿಟೇಟ್ ಕೆಡಲಿ. ಒಂದೇ ಸಲ. ಬೇರೇನೂ ಬೇಡ.

೨-೩-೧೯೬೦, ಬುಧವಾರ. ಸಾಯಂಕಾಲ

ಮುಗಿಯಿತು! ಬೊಂಬಾಟ್!

ಒಬ್ಬೊಬ್ಬರಿಗೆ ಒಂದೊಂದು ಮಿಕ್ಸ್‌ಚರ್. ಬಿಳಿ ಪುಡಿ, ಒಳಗೆ ಏನೇನಿದೆ ಎಂದು ಕಂಡುಹಿಡಿಯಬೇಕು. ಎದುರಿಗೆ ಅವಳು. ಮೊದಲು ನೋಡಿದ್ದು ಅವಳ ಮಣಿಕಟ್ಟನ್ನು. ಕಂಕಣ ಇಲ್ಲ! ಬಿಚ್ಚಿದ್ದಾಳೆ, ಅಮ್ಮನಿಗೆ ಹೇಳಲೇಬೇಕು ಎಂದುಕೊಂಡೆ. ಆಮೇಲೆ ಬರ್ನರ್ ಹಚ್ಚಲು ಕೈ ಚಾಚಿದಾಗ ಕಂಡಿತು. ಬಿಚ್ಚಿಲ್ಲ. ಮೊಳಕೈ ದಾಟಿಸಿ ತೋಳಿಗೆ ಏರಿಸಿಕೊಂಡಿದ್ದಾಳೆ, ಮೇಲೆ ರವಿಕೆಯ ತೋಳು. ಎಂಥ ಕಿಲಾಡಿ! ಶಾಸ್ತ್ರವೂ ಉಳಿಯಿತು, ಕೈಯೂ ಚೊಕ್ಕಟ. ನನಗೆ ಮೈಯೆಲ್ಲ ಉರಿಯಿತು. ನನಗೆ ಯಾಕೆ ಹೊಳೆಯಲಿಲ್ಲ? ಅವಳು ಮಾಡಿದ ಮೇಲೆ ನಾನೂ ಹಾಗೇ ಮಾಡುವುದೇ? ಸತ್ತರೂ ಇಲ್ಲ.

ಅಮೋನಿಯಾ ಹಾಕಿದೆ. ಅಂಟು ಅಂಟಾಗಿ ಬಂತು, ಕಂದುಗೆಂಪು. ಕಬ್ಬಿಣ! ಫಿಲ್ಟರ್ ಮಾಡಿದೆ, ಕಾಗದದ ಮೇಲೂ ಅದೇ ಬಣ್ಣ. ಕಬ್ಬಿಣವೆಂದು ಖಚಿತ ಮಾಡಿಕೊಳ್ಳಲು ಇನ್ನೊಂದು ಟೆಸ್ಟ್ ಮಾಡಬೇಕು ನಿಜ. ಅಷ್ಟರಲ್ಲಿ ಅವಳು ಮುಗಿಸಿ ಬೀಕರ್ ತೊಳೆಯುತ್ತಿದ್ದಳು. ನನ್ನ ಬೆಂಚಿನ ಕಡೆ ನೋಡಿದಳು, ಚೆನ್ನಾಗಿಯೇ ನೋಡಿದಳು. ಗಾಜಿನ ಕಡ್ಡಿ ಕೈಯಲ್ಲೇ ಇತ್ತು. ಟಣ್ ಎನ್ನಲಿಲ್ಲ.

ಅವಳು ಟಣ್ ಎನ್ನಲಿಲ್ಲವೆಂದರೆ ಸರಿ ಎಂದೇ ಅರ್ಥ. ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. 'ಕಬ್ಬಿಣ' ಎಂದು ಬರೆದು ಕೊಟ್ಟುಬಂದೆ. ಹಾಸ್ಟೆಲಿನವರಿಗೆಲ್ಲ ಕಾಫಿ ಕುಡಿಸಿದೆ.

೩-೩-೧೯೬೦, ಗುರುವಾರ

ಬೆಳಿಗ್ಗೆ ಶರ್ಟು ಒಗೆಯುತ್ತಿದ್ದೆ. ಬಲತೋಳಿನ ತುದಿಯಲ್ಲಿ ಹಳದಿ ಕಲೆ. ಸೋಪು ತಿಕ್ಕಿದೆ.

ಕೆಂಪಾಯಿತು. ಅದೇ ಬಣ್ಣ. ನಿನ್ನೆಯ ಬಣ್ಣ.

ಬಚ್ಚಲಲ್ಲೇ ಕೂತುಬಿಟ್ಟೆ. ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ ಹೊಸ ಅರಿಶಿನ ತೊಡೆದುಕೊಂಡಿದ್ದೆ. ಫಿಲ್ಟರ್ ಕಾಗದ ಮಡಿಸಿದ್ದು ಅದೇ ಬೆರಳಿಂದ. ಕಲಕುವಾಗ ಕೊಂಬು ಬೀಕರಿನೊಳಕ್ಕೆ ತೂಗಿ ಅದ್ದಿಕೊಂಡಿದ್ದು ಈಗ ನೆನಪಾಗುತ್ತಿದೆ. ಆ ಪ್ರೆಸಿಪಿಟೇಟ್ ನಿಜಕ್ಕೂ ಬಿಳಿಯದು. ಅಲ್ಯೂಮಿನಿಯಂ. ನನ್ನ ಅರಿಶಿನ ಕುಡಿದು ಕೆಂಪಾಗಿತ್ತು.

ಅವಳಿಗೆ ಕಾಣಲಿಲ್ಲವೇ? ಮಧ್ಯೆ ಬಾಟಲಿಗಳ ಸ್ಟ್ಯಾಂಡು ಇದೆ. ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಹೇಳುತ್ತಿದ್ದಳು.

೧೭-೫-೧೯೬೦. ಮೇಲೂರು

ರಿಸಲ್ಟ್. ಅವಳು ಫಸ್ಟ್ ಕ್ಲಾಸ್, ಫಸ್ಟ್. ನಾನು ಏಳನೆಯವನು. ಆರನೆಯವನಿಗೂ ನನಗೂ ಮೂರೇ ಮಾರ್ಕು. ಥಿಯರಿಯಲ್ಲಿ ಅವನಿಗಿಂತ ನನಗೇ ಹೆಚ್ಚು. ಪ್ರಾಕ್ಟಿಕಲ್ ತಿಂದುಹಾಕಿತು. ಆ ಕಬ್ಬಿಣ.

ಹೋಗಲಿ, ಪರವಾಗಿಲ್ಲ. ಅವಳು ಬಿಡುತ್ತಾಳಲ್ಲ. ಮಾತು ಆಗಿದೆಯಲ್ಲ.

೨೨-೫-೧೯೬೦, ಭಾನುವಾರ. ಚಿಂತಾಮಣಿ

ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಊಟವಾದ ಮೇಲೆ ಮಾವ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನೇ ಎತ್ತಿದೆ. "ಮಾವ, ಆದಿ ಸೀಟು ಬಿಡೋದಾದ್ರೆ ಬೇಗ ಬರೆದುಕೊಡ್ಬೇಕು. ಆಮೇಲೆ ನನಗೆ ಸಿಗುತ್ತೆ."

ಮಾವ ಆಶ್ಚರ್ಯದಿಂದ ನೋಡಿದರು. ಕುಹಕವಿಲ್ಲ, ವ್ಯಂಗ್ಯವಿಲ್ಲ. ಆ ಮನುಷ್ಯನಿಗೆ ಅದೆಲ್ಲ ಬರುವುದೇ ಇಲ್ಲ. "ಅವಳ್ಯಾಕೆ ಬಿಡ್ಬೇಕಪ್ಪ? ಮನೆಗೊಂದು ಎಂ.ಎಸ್ಸಿ. ಸಾಕು ಅಂತ ನೀನೇ ಹೇಳಿದ್ಯಲ್ಲ. ಒಂದು ಸಿಕ್ತಲ್ಲ! ನಿನಗೆ ತೋಟ ಐತೆ, ಅಮ್ಮ ಅವ್ಳೆ. ಅವಳು ಓದ್ಕೊಂಡು ಬರ್ಲಿ. ಮದುವೆ ಬರೋ ವರ್ಷ ಇಟ್ಕೊಳಣ."

ಅಮ್ಮನ ಕಡೆ ತಿರುಗಿದೆ. ಅಮ್ಮ ತಲೆ ಆಡಿಸುತ್ತಿದ್ದಳು. ನನ್ನ ಅಮ್ಮ! "ಅಣ್ಣ ಹೇಳೋದು ಸರಿ ಕಣಪ್ಪ. ಸೊಸೆ ಫಸ್ಟ್ ಬಂದವ್ಳೆ. ಊರೆಲ್ಲ ಹೇಳ್ಕೊಂಡು ಬಂದಿದೀನಿ."

ಅಡುಗೆಮನೆ ಬಾಗಿಲಲ್ಲಿ ಆದಿ ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ಅವಳ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

೧೨-೬-೧೯೬೦

ಹುಳು ಮೂರನೇ ಜ್ವರದಲ್ಲಿವೆ, ಪೊರೆ ಬಿಡುವ ನಿದ್ದೆ. ಸೊಪ್ಪು ಬೇಡ, ಸದ್ದಿಲ್ಲ. ನನಗೂ ಕೆಲಸವಿಲ್ಲ. ಕೆಮಿಸ್ಟ್ರಿ ಪುಸ್ತಕ ತೆಗೆದೆ, ಮುಚ್ಚಿದೆ.

೧-೭-೧೯೬೦, ಶುಕ್ರವಾರ

ಆದಿ ಇವತ್ತು ಬೆಂಗಳೂರಿಗೆ ಹೊರಟಳು. ರೈಲು ಶಿಡ್ಲಘಟ್ಟದ ಮೇಲೆಯೇ ಹೋಗಬೇಕಲ್ಲ. ಅಮ್ಮ ಚಟ್ನಿಪುಡಿ ಡಬ್ಬ ಕೊಟ್ಟು ಸ್ಟೇಷನ್ನಿಗೆ ಅಟ್ಟಿದಳು. ಸೈಕಲ್ ತುಳಿದುಕೊಂಡು ಹೋದೆ. ಹೋಗಬಾರದೆಂದಿದ್ದವನು ರೈಲಿಗಿಂತ ಮೊದಲೇ ಹೋಗಿ ನಿಂತಿದ್ದೆ.

ಕಿಟಕಿಯಲ್ಲಿ ಕೂತಿದ್ದಳು. ಡಬ್ಬ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. "ಅತ್ತೆಗೆ ಹೇಳು, ಕಾಗದ ಹಾಕ್ತೀನಿ ಅಂತ."

"ಹೂಂ."

"ಭಾವ, ನಿನ್ನ ಮಿಕ್ಸ್‌ಚರಲ್ಲಿ ಇದ್ದಿದ್ದು ಅಲ್ಯೂಮಿನಿಯಂ."

"ಗೊತ್ತು. ಮಾರನೇ ದಿನ ಗೊತ್ತಾಯ್ತು."

"ನನಗೆ ಅವತ್ತೇ ಗೊತ್ತಾಯ್ತು. ನಿನ್ನ ಬೆರಳು ನೋಡ್ದೆ, ಬೀಕರ್ ನೋಡ್ದೆ. ಟಣ್ ಅನ್ಸೋಕೆ ಕಡ್ಡಿ ಎತ್ತಿದ್ದೆ." ಡಬ್ಬದ ಮುಚ್ಚಳ ಒತ್ತಿದಳು. "ತಾಂಬೂಲದ ದಿನ ಅತ್ತೆ ಹೇಳಿದ್ರು. ತಾಂಬೂಲಕ್ಕೆ ಆತುರ ಮಾಡಿದ್ದು ನಮ್ಮ ಹುಡುಗನೇ ಕಣಮ್ಮ, ನಿನ್ನ ಮೇಲೆ ಅಷ್ಟು ಆಸೆ ಅಂತ. ಸಂತೋಷವಾಗೇ ಹೇಳಿದ್ರು ಪಾಪ. ಕಡ್ಡಿ ಎತ್ತಿದಾಗ ಅದು ನೆನಪಾಯ್ತು. ರೈಲಲ್ಲಿ ನೀನಂದಿದ್ದು ನೆನಪಾಯ್ತು. ಕಡ್ಡಿ ಇಟ್ಬಿಟ್ಟೆ."

ಮೂರು ಮಾರ್ಕು. ಒಂದು ಟಣ್.

"ನಾನೇನೂ ದೊಡ್ಡೋಳಲ್ಲ ಭಾವ. ನಿನ್ನ ಥರಾನೇ." ರವಿಕೆಯ ತೋಳಿನೊಳಕ್ಕೆ ಬೆರಳು ತೂರಿಸಿ ಕಂಕಣವನ್ನು ಮಣಿಕಟ್ಟಿಗೆ ಇಳಿಸಿದಳು. ದಾರ ಹಳದಿಯಾಗಿಯೇ ಇತ್ತು. ದಿನಾ ತೊಡೆದಿದ್ದಾಳೆ. "ನಾನಿನ್ನೂ ಬಿಚ್ಚಿಲ್ಲ. ನೀನು ಯೋಚನೆ ಮಾಡು. ಹೊಟ್ಟೆಕಿಚ್ಚಿಗೆ ಕಟ್ಕೊಂಡಿದ್ದಾದ್ರೆ ಈಗಲೇ ಬಿಚ್ಚಾಕು, ಅಪ್ಪಂಗೆ ನಾನು ಹೇಳ್ಕೋತೀನಿ. ಅಲ್ಲ ಅಂದ್ರೆ ಇರ್ಲಿ."

ಇಷ್ಟು ಮಾತು ಯಾರು ಯಾರಿಗೆ ಹೇಳುತ್ತಾರೆ? ನಾನು ಅಲ್ಲೇ ಏನಾದರೂ ಅನ್ನಬೇಕಿತ್ತು. ಆದರೆ ಅವಳು ಮಾತಾಡುವಷ್ಟು ಹೊತ್ತೂ ನನ್ನ ಕಣ್ಣು ಎಲ್ಲಿತ್ತು? ಅವಳ ಪಕ್ಕದಲ್ಲಿದ್ದ ಎಂ.ಎಸ್ಸಿ. ಪುಸ್ತಕದ ಮೇಲೆ. ಹೊಸದು. ಇನ್ನೂ ಹಾಳೆ ಅಂಟಿಕೊಂಡಿದ್ದವು. ಅಯ್ಯೋ ನನ್ನ ಕರ್ಮವೇ. ರೈಲು ಕೂಗಿತು. ಹೊರಟಿತು. ಕೈ ಕೂಡ ಬೀಸಲಿಲ್ಲ.

೨-೭-೧೯೬೦, ಶನಿವಾರ. ಬೆಳಿಗ್ಗೆ

ಸ್ನಾನ ಆಯಿತು. ಕಂಕಣ ಒದ್ದೆಯಾಗಿದೆ. ಬಣ್ಣ ಬಿಟ್ಟು ಬರೀ ದಾರದ ಹಾಗೆ ಕಾಣುತ್ತಿದೆ. ಪ್ರಾಕ್ಟಿಕಲ್ ಆದಾಗಿನಿಂದ ಇದಕ್ಕೆ ಅರಿಶಿನ ಮುಟ್ಟಿಸಿಲ್ಲ, ಅಮ್ಮನ ಹತ್ತಿರ ಮಾತ್ರ ದಿನಾ ಸುಳ್ಳು. ಅವಳು ದಿನಾ ತೊಡೆದಿದ್ದಾಳೆ. ಅದರಲ್ಲೂ ನನ್ನನ್ನು ಹಿಂದೆ ಹಾಕಿದಳು.

ಅರಿಶಿನದ ಬಟ್ಟಲು ಇಲ್ಲೇ ಪಕ್ಕದಲ್ಲಿದೆ. ಕತ್ತರಿಯೂ ಇದೆ, ಸೊಪ್ಪು ಕತ್ತರಿಸುವುದು. ಅಮ್ಮ ಒಳಗಿಂದ ಕೂಗುತ್ತಿದ್ದಾಳೆ, "ಚೆನ್ನರಾಯಪ್ಪಾ, ಅರಿಶಿನ ತೊಡಕೊಂಡ್ಯೇನೋ?"

ಇವತ್ತು ಸುಳ್ಳು ಹೇಳುವುದಿಲ್ಲ. ಬೆರಳನ್ನು ಬಟ್ಟಲಿನಲ್ಲಿ ಅದ್ದಿ ಕಂಕಣಕ್ಕೆ ತೊಡೆದೆ, "ಹೂಂ ಅಮ್ಮಾ" ಎಂದೆ.