ಕಂಪ್ಯೂಟರಿಗೆ ಹೊಚ್ಚಿದ ಕೌದಿ

ಮನಿಯವರಿಗೆ, ಮಮದಾಪುರದ ತವರಿನಿಂದ ಮಹಾನಂದಾನ ಶರಣು.

ಫೋನ್ ಮಾಡಿದ್ರ ಆಟದ ಸಪ್ಪಳದಾಗ ನನ್ನ ಮಾತು ನಿಮಗ ಕೇಳಂಗಿಲ್ಲ. ಅದಕ್ಕ ರೊಟ್ಟಿ ಗಂಟಿನಾಗ ಈ ಪತ್ರ ಇಟ್ಟೇನಿ.

ಹಳೇ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೂ ಆಟ ತಡದು ತಡದು ಓಡತೈತಿ ಅಂತ ಸೊಲ್ಲಾಪುರ ರಸ್ತೆ ಅಂಗಡಿಯವನ ಕೂಡ ಜಗಳ ತಗೀಬ್ಯಾಡ್ರಿ. ಬರೂಮುಂದ ನಾ ಕಂಪ್ಯೂಟರ್ ಡಬ್ಬಿ ಮ್ಯಾಲ ಕೈ ಇಟ್ಟು ನೋಡೇನಿ, ರೊಟ್ಟಿ ಹಂಚಿನಂಗ ಕಾದಿತ್ತು. ಧೂಳ ಬೀಳಬಾರದಂತ ನಿಮ್ಮ ಸಾಲಿ ಗೆಳತಿ ಕಸ್ತೂರಿ ಹೊಲಿದು ಕೊಟ್ಟ ಕೌದಿ ಅದಕ್ಕ ಹೊಚ್ಚೀರಿ, ಆಟ ಆಡೂಮುಂದನೂ ನೀವು ತಗಿಯಂಗಿಲ್ಲ. ಗಾಳಿ ಇಲ್ಲದ ಅಷ್ಟು ಕಾದ್ರ ಯಾವ ಕಾರ್ಡ್ ಓಡೀತು?

ನಾ ಹೊಲಿದ ಕೌದಿ ಟ್ರಂಕಿನಾಗ ಐತಿ. ಒಮ್ಮೆನೂ ಬಿಚ್ಚಿಲ್ಲ. ಇರ್ಲಿ.

ಅಕಿ ಕೌದಿ ತಗದು ನೋಡ್ರಿ. ಆಟ ಸರಿ ಆದ್ರೂ, ಆಗದಿದ್ರೂ, ತಿರಗಿ ಹೊಚ್ಚಬ್ಯಾಡ್ರಿ.

ನಿಮ್ಮ
ಮಹಾನಂದಾ