ಪೆನ್ಸಿಲ್ ಗುರುತು

ಬುಧವಾರ, ಮಾರ್ಚ್ ೧೨
ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯುವ ಮುಂಚೆ

ನನ್ನ ಮುದ್ದು ಮಗಳೇ,

ನಿನ್ನ ಸೋದರತ್ತೆಯ ಮನೆಯಿಂದ ನೀನು ಕಳಿಸಿದ ಲಕೋಟೆ ನಿನ್ನೆ ಬಂತು. ಅಪ್ಪ ಹೋದ ಮೇಲೆ, ಈ ಎರಡು ತಿಂಗಳಲ್ಲಿ, ನಿನ್ನ ಕೈಬರಹ ನೋಡಿದ್ದು ಇದೇ ಮೊದಲು. ಒಳಗೆ ಕಾಗದವೂ ಇರಬಹುದು ಅಂತ ಲಕೋಟೆಯನ್ನು ಬುಡಮೇಲು ಮಾಡಿ ಕೊಡವಿದೆ. ಫಾರಂ ಒಂದೇ ಇತ್ತು. ಅದರ ಮೇಲೊಂದು ಚೀಟಿ, "ಸಹಿ ಮಾಡಿ ಕಳಿಸು."

ದೊಡ್ಡ ಕೋರ್ಸು ಬಿಟ್ಟು ಚಿಕ್ಕದಕ್ಕೆ ಹೋಗುತ್ತೇನೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೀಯ. ಕೋಪದಲ್ಲೂ ನಮ್ಮ ಮನೆಯ ಪದ್ಧತಿ ಬಿಟ್ಟಿಲ್ಲವಲ್ಲ ನೀನು. ಯಾವ ಫಾರಂ ಬಂದರೂ ನೀನು ಓದಿ ಪೆನ್ಸಿಲ್‌ನಲ್ಲಿ ತುಂಬುವುದು, ನಾನು ಅದರ ಮೇಲೇ ಇಂಕಿನಲ್ಲಿ ತಿದ್ದುವುದು. ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ ನೋಡಿ ಆಮೇಲೆ ಮಿಷನ್ನಿಗೆ ಕೊಡುವ ಹಾಗೆ. ಅದಕ್ಕೇ ಅಪ್ಪ ನಿನ್ನನ್ನು ಹೆಡ್ ಮಿಸ್ ಅಂತ ಕರೆಯುತ್ತಿದ್ದದ್ದು.

ಕಳೆದ ವರ್ಷದ ಫಾರಂ ನೆನಪಿದೆಯಾ? ಎರಡು ಚೌಕ. ಒಂದು, ಆರು ವಿಷಯದ ದೊಡ್ಡ ಕೋರ್ಸು, ಊರಿನ ಆ ತುದಿಯ ಶಾಲೆಯಲ್ಲಿ. ಮನೆ ಸೇರುವಷ್ಟರಲ್ಲಿ ಸಂಜೆ ಆರೂವರೆ. ಇನ್ನೊಂದು, ನಿನಗಿಷ್ಟವಾದ ಎರಡೇ ವಿಷಯ ಮೇಲ್ಮಟ್ಟದಲ್ಲಿ, ನಿನ್ನ ಹಳೇ ಶಾಲೆಯಲ್ಲೇ, ಮೂರಕ್ಕೆಲ್ಲ ಮನೆ. ಲಿಫ್ಟ್ ರಿಪೇರಿ ಕೆಲಸ ಬಿಟ್ಟು ಹಾಸಿಗೆ ಹಿಡಿದಿದ್ದ ಅಪ್ಪ, "ನಾನು ಎಷ್ಟು ಸಲ ಮೇಲೆ ಹೋದ್ರೂ ಸಂಜೆಗೆ ಕೆಳಗೇ ಬರ್ತಿದ್ದೆ. ಇವಳು ಹೋದ್ರೆ ಬರಲ್ಲ ನೋಡು" ಅಂತ ನಕ್ಕರು. "ಎಲ್ಲೂ ಹೋಗಲ್ಲಪ್ಪ, ಮೂರಕ್ಕೆ ಬಂದು ನಿನ್ನ ತಲೆ ತಿಂತೀನಿ" ಅಂತ ನೀನು ಎರಡನೇ ಚೌಕಕ್ಕೆ ಗುರುತು ಹಾಕಿದೆ.

ಆದರೆ ಪಟ್ಟಿ ಬಂದಾಗ ನಿನ್ನ ಹೆಸರು ದೊಡ್ಡ ಕೋರ್ಸಿನಲ್ಲಿತ್ತು. ನೀನು ಶಾಲೆಯ ಆಫೀಸಿಗೆ ಹೋಗಿ ಗುಮಾಸ್ತರ ಜೊತೆ ಜಗಳ ಆಡಿದೆ. "ಫಾರಂನಲ್ಲಿದ್ದದ್ದೇ ಹಾಕಿದ್ದೀನಮ್ಮ" ಅಂದರಂತೆ. ಅವರನ್ನು ಇವತ್ತಿಗೂ ಬೈಯುತ್ತೀಯ ಅಂತ ಅತ್ತೆ ಹೇಳಿದಳು. ಬೈಯಬೇಡ. ಆ ಗುರುತನ್ನು ಅಳಿಸಿದವಳು ನಾನು.

ನಿನ್ನ ಲೆಕ್ಕದ ಮೇಷ್ಟ್ರು ಪ್ಯಾಂಟು ಗಿಡ್ಡ ಮಾಡಿಸಲು ಬಂದವರು "ಇಂಥ ತಲೆ ನಂಗೆ ಇನ್ನೊಂದು ಸಿಗ್ಲಿಲ್ಲಮ್ಮ, ದೊಡ್ಡದಕ್ಕೇ ಹಾಕಿ" ಅಂದಿದ್ದರು. ನನ್ನ ಅಮ್ಮ ಹಾಸಿಗೆ ಹಿಡಿದಾಗ ಏಳನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದರು. ನೀನೂ ಹಾಗೆಯೇ ಹಾಸಿಗೆ ಪಕ್ಕ ಕೂತುಬಿಡುತ್ತೀಯ ಅಂತ ಹೆದರಿದೆ. ಬಟ್ಟೆ ಮೇಲಿನ ಸೀಮೆಸುಣ್ಣ ಒರೆಸುವ ಹಾಗೆ ಒರೆಸಿ, ಮೊದಲನೇ ಚೌಕಕ್ಕೆ ಇಂಕು ಹಾಕಿಬಿಟ್ಟೆ. ಅಪ್ಪನಿಗೂ ಹೇಳಲಿಲ್ಲ. ನೀನು ಅಳುತ್ತಾ ಬಂದ ದಿನ ತಲೆ ಎತ್ತದೆ ಮಿಷನ್ ತುಳಿಯುತ್ತಲೇ ಇದ್ದೆ.

ಅಪ್ಪ ಇನ್ನೂ ಎರಡು ವರ್ಷ ಇರುತ್ತಾರೆ ಅಂದುಕೊಂಡಿದ್ದೆ.

ಈ ಸಲ ಸಹಿ ಮಾತ್ರ ಹಾಕಿದ್ದೇನೆ. ನಿನ್ನ ಗುರುತನ್ನು ಮುಟ್ಟಿಲ್ಲ. ಇಂಕು ನೀನೇ ಹಾಕು, ಯಾವ ಚೌಕಕ್ಕಾದರೂ ಸರಿ. ಇದನ್ನು ಓದಿ ನನ್ನ ಮೇಲೆ ಬರುವ ಸಿಟ್ಟಿಗೆ ಹಾಕಬೇಡ ಅಂತ ಕೇಳಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ
ಅಮ್ಮ

ಇದೊಂದು ಉಳಿಯಿತು: ಅಪ್ಪ ನಿದ್ದೆಯಲ್ಲೇ ಹೋದರು ಅಂತ ನಿನಗೆ ಹೇಳಿದ್ದು ಸುಳ್ಳು. ಆ ಮಧ್ಯಾಹ್ನ ಮೂರೂಕಾಲಿಗೆ ಕಣ್ಣು ಬಿಟ್ಟು "ಹೆಡ್ ಮಿಸ್ ಬಂದ್ಲಾ?" ಅಂದರು. "ಬಂದ್ಲು, ಕೈ ತೊಳೀತಿದಾಳೆ" ಅಂದೆ. ಎದ್ದು ಹೋಗಿ ನಲ್ಲಿ ತಿರುಗಿಸಿ ಬಂದು ಕೂತೆ. ಸದ್ದು ಕೇಳಿಸಿಕೊಂಡರು. "ನಿಧಾನಕ್ಕೆ ಬರ್ಲಿ ಬಿಡು" ಅಂದರು. ನೀರು ಸುರಿಯುತ್ತಲೇ ಇತ್ತು.