ಹನ್ನೊಂದು ಹುಡುಗಿಯರ ಕುಸ್ತಿ ತಂಡವನ್ನು ಇಮೇಲಿನಲ್ಲಿ ಮುಗಿಸಿದವರಿಗೆ

ಮಾನ್ಯ ಕಾಲೇಜು ಅಧ್ಯಕ್ಷರೇ,

ನಮ್ಮ ಹುಡುಗಿಯರ ಕುಸ್ತಿ ತಂಡವನ್ನು ನೀವು ಮುಚ್ಚಿದಿರಿ. ಅದು ನಿಮ್ಮ ಅಧಿಕಾರ, ಒಪ್ಪಿದೆ. ಆದರೆ ಆ ಸುದ್ದಿಯನ್ನು ಅವರು ಪ್ರಾದೇಶಿಕ ಪಂದ್ಯಾವಳಿಗೆ ಹೊರಟ ದಿನವೇ, ದಾರಿಯಲ್ಲಿರುವಾಗ, ಇಮೇಲಿನಲ್ಲಿ ಕಳಿಸಿದಿರಲ್ಲ, ಅದು ಯಾವ ಅಧಿಕಾರ? ಆ ಪತ್ರದ ತಲೆಬರಹ ‘ಸಂಪನ್ಮೂಲಗಳ ಮರುಹೊಂದಾಣಿಕೆ’. ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ಕಾಲೇಜಿನ ನೆಲ ಒರೆಸುತ್ತಿದ್ದೇನೆ. ಕಲೆಯೇ ಉಳಿಯದ ಹಾಗೆ ಇಷ್ಟು ಚೊಕ್ಕಟವಾಗಿ ಒರೆಸುವುದು ನನಗಿನ್ನೂ ಬಂದಿಲ್ಲ.

ನನ್ನ ಹೆಸರು ವರ್ಲಿನ್ ಸ್ಟೂರ್. ವ್ಯಾಯಾಮ ಶಾಲೆಯ ಕಟ್ಟಡ ನನ್ನ ಪಾಲಿನದು. ಚಾಲಕರಿಗೆ ಬೇರೆ ಸಂಬಳ ಕೊಡಲು ಆಗುವುದಿಲ್ಲವೆಂದು ಕುಸ್ತಿ ತಂಡದ ವ್ಯಾನನ್ನೂ ನನ್ನ ಕೈಗೇ ಕೊಟ್ಟವರು ನೀವು. ಹಾಗಾಗಿ ನಿಮ್ಮ ಇಮೇಲು ತಲುಪಿದಾಗ ಅವರ ಪಕ್ಕದಲ್ಲಿದ್ದವನು ನಾನು.

ಗ್ರ್ಯಾಂಡ್ ಐಲೆಂಡ್ ಊರು ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದೆ. ಗಾಳಿ ವ್ಯಾನಿನ ಬಾಗಿಲನ್ನೇ ಕಿತ್ತುಕೊಂಡು ಹೋಗುವಂತಿತ್ತು. ಮೊದಲು ಓದಿದವಳು ಯಾರೆಲಿ ಪೆರಾಲ್ಟಾ. ಹತ್ತೊಂಬತ್ತು ವರ್ಷ, ನರ್ಸಿಂಗ್ ವಿದ್ಯಾರ್ಥಿನಿ, ಅಪ್ಪ ಅಮ್ಮ ಇಬ್ಬರೂ ಊರಾಚೆಯ ಮಾಂಸದ ಕಾರ್ಖಾನೆಯ ಕೆಲಸಗಾರರು. ತನ್ನ ವರ್ಗದ ಮಿತಿಗೆ ತೂಕ ಇಳಿಸಬೇಕೆಂದು ಹಿಂದಿನ ದಿನದಿಂದ ಅರ್ಧ ಕಿತ್ತಳೆ ಹಣ್ಣು ಬಿಟ್ಟರೆ ಏನೂ ತಿಂದಿರಲಿಲ್ಲ.

“ವರ್ಲಿನ್, ಮರುಹೊಂದಾಣಿಕೆ ಅಂದ್ರೆ ನಮ್ಮನ್ನ ಬೇರೆ ಟೀಮಿಗೆ ಹಾಕ್ತಾರೆ ಅಂತಾನಾ?” ಎಂದು ಕೇಳಿದಳು.

“ಇಲ್ಲ ಕಣಮ್ಮ. ತೆಗೆದ್ರು ಅಂತ.”

ತರಬೇತುದಾರರಾದ ಟ್ರೂಡಿ ಬೆನೆಶ್ ಅವರಿಗೂ ಅದೇ ಇಮೇಲು, ಅದೇ ಗಳಿಗೆ. ನಾಲ್ಕು ವರ್ಷದ ಹಿಂದೆ ಇದೇ ತಂಡ ಕಟ್ಟಲಿ ಎಂದು ಒಳ್ಳೆಯ ಶಾಲಾ ಕೆಲಸ ಬಿಡಿಸಿ ಕರೆತಂದಿರಲ್ಲ, ಅವರಿಗೆ. ಆಕೆ ಎರಡು ಸಲ ಓದಿದರು, ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡರು. “ಎಲ್ರೂ ಹತ್ತಿ. ತೂಕ ನೋಡೋಕೆ ಇನ್ನೂ ನಾಲ್ಕು ಗಂಟೆ ಇದೆ. ಅಳೋರು ಧಾರಾಳವಾಗಿ ಅಳಿ, ಅದ್ರಲ್ಲೂ ಸ್ವಲ್ಪ ತೂಕ ಇಳಿಯುತ್ತೆ,” ಎಂದರು. ಯಾರೋ ನಕ್ಕರು. ನಾನು ಬಾಗಿಲು ಎಳೆದು ಅಯೋವಾ ರಾಜ್ಯದ ಗಡಿಯತ್ತ ವ್ಯಾನು ಬಿಟ್ಟೆ.

ಮರುದಿನ ಮೊದಲ ಪಂದ್ಯದಲ್ಲಿ ಯಾರೆಲಿ ಒಂದೇ ನಿಮಿಷದಲ್ಲಿ ಚಿತ್ತಾದಳು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಹಿಂದೆ ಹೋಗಿ ಕುಳಿತಿದ್ದಳು. ನೀರು ಕೊಡಲು ಹೋದೆ.

“ಯಾರಿಗೋಸ್ಕರ ಆಡ್ಲಿ, ಹೇಳಿ? ಈ ಎದೆ ಮೇಲಿನ ಹೆಸರು ಯಾರದ್ದು ಈಗ?”

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ, ಅಧ್ಯಕ್ಷರೇ? “ಅದು ನಂಗೊತ್ತಿಲ್ಲಮ್ಮ. ಆದ್ರೆ ನಿನ್ನ ಮುಂದಿನ ಪಂದ್ಯದ ಆ ಕೆಂಪು ಬಟ್ಟೆ ಹುಡುಗಿ ಇದ್ದಾಳಲ್ಲ, ಯಾವಾಗ್ಲೂ ಬಲಗಾಲೇ ಮುಂದಿಡ್ತಾಳೆ,” ಎಂದೆ.

“ಹುಂ, ನೀವು ನೆಲ ನೋಡೋರು. ನಿಮಗೆ ಕಾಲೇ ತಾನೆ ಕಾಣೋದು,” ಎಂದು ಮೂಗೊರೆಸಿಕೊಂಡು ಎದ್ದಳು. ಆ ಬಲಗಾಲನ್ನೇ ಹಿಡಿದು ಕೆಡವಿದಳು. ಮುಂದಿನ ಮೂರು ಪಂದ್ಯಗಳನ್ನೂ ಗೆದ್ದು, ಒಮ್ಮೆ ಸೋತವರಿಗೆ ಸಿಗಬಹುದಾದ ಅತಿ ಮೇಲಿನ ಸ್ಥಾನ, ಮೂರನೆಯದು, ತಂದಳು. ಸೋಮವಾರ ಕಾಲೇಜಿನ ಜಾಲತಾಣದಲ್ಲಿ ಅವಳ ಫೋಟೋ, ಕೆಳಗೆ ‘ನಮ್ಮ ಹೆಮ್ಮೆ’. ನಾಲ್ಕು ದಿನದ ಹಿಂದೆ ಕೈಬಿಟ್ಟ ಹೆಮ್ಮೆಯನ್ನು ಇಷ್ಟು ಬೇಗ ಮತ್ತೆ ಎತ್ತಿಕೊಳ್ಳಲು ಮುಜುಗರ ಆಗಲಿಲ್ಲವೇ?

ಕಾರಣ ನಷ್ಟ ಎಂದಿರಿ. ತಂಡದ ಖರ್ಚು ವರ್ಷಕ್ಕೆ ತೊಂಬತ್ತೆರಡು ಸಾವಿರ ಡಾಲರ್ ಎಂದು ಸಭೆಯಲ್ಲಿ ಹಂಚಿದ ಹಾಳೆ ಹೇಳುತ್ತದೆ. ನಾನು ಲೆಕ್ಕಿಗನಲ್ಲ, ಆದರೆ ಆ ಹಾಳೆಯಲ್ಲಿ ಹುಡುಗಿಯರು ಕಟ್ಟಿದ ಹಣದ ಸಾಲೇ ಇರಲಿಲ್ಲ. ವಿದ್ಯಾರ್ಥಿವೇತನ ಕಳೆದ ಮೇಲೂ ಹಾಸ್ಟೆಲು, ಊಟ, ಶುಲ್ಕ ಎಂದು ತಲೆಗೆ ಒಂಬತ್ತು ಸಾವಿರ ಕಟ್ಟುತ್ತಿದ್ದರು, ಹನ್ನೊಂದು ಜನ. ಗುಣಿಸಿ ನೋಡಿ. ಕುಸ್ತಿ ಇಲ್ಲದಿದ್ದರೆ ಇವರಲ್ಲಿ ಎಷ್ಟು ಜನ ನಮ್ಮ ಜೋಳದ ಹೊಲಗಳ ನಡುವಿನ ಕಾಲೇಜಿಗೆ ಬರುತ್ತಿದ್ದರು? ಖಾಲಿ ಹಾಸ್ಟೆಲ್ ತುಂಬಬೇಕೆಂದೇ ಈ ತಂಡ ಕಟ್ಟಿದವರು ನೀವು. ಉದ್ಘಾಟನೆಯ ದಿನ ಹಾಗೆಂದೇ ಭಾಷಣ ಮಾಡಿದಿರಿ, ಕುರ್ಚಿ ಹಾಕಿದವನು ನಾನು. ಈಗ ತಂಡ ಮುಚ್ಚಿದ ತಿಂಗಳೇ ಫುಟ್‌ಬಾಲ್ ಮೈದಾನಕ್ಕೆ ಹೊಸ ಕೃತಕ ಹುಲ್ಲು ಬಂತು. ಅದು ದಾನಿಗಳ ಹಣ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದಿರಿ. ಆ ದಾನಿಗಳ ಬಳಿ ಕುಸ್ತಿಯ ಹೆಸರನ್ನು ಒಮ್ಮೆಯಾದರೂ ಎತ್ತಿದಿರಾ?

ಇನ್ನು ಆಡಳಿತ ಮಂಡಳಿಯ ಸಭೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಯಾರೆಲಿಯ ತಾಯಿ ಒಫೇಲಿಯಾ ಪಾಳಿ ಮುಗಿಸಿ ರಬ್ಬರ್ ಬೂಟಿನಲ್ಲೇ ಬಂದಿದ್ದರು. ಅವರದು ಸ್ಪ್ಯಾನಿಷ್, ಒಂದೊಂದೇ ಮಾತನ್ನು ಮಗಳು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು. “ನಾನು ಹದಿನಾರು ವರ್ಷದಿಂದ ಚಾಕು ಹಿಡಿದಿದ್ದೀನಿ. ಬೆರಳು ಮಡಚೋಕೆ ಬರಲ್ಲ. ಇವಳು ಮೊದಲನೇ ಸಲ ಗೆದ್ದ ದಿನ ರೆಫ್ರಿ ಇವಳ ಕೈ ಎತ್ತಿ ಹಿಡಿದ್ರು. ನಮ್ಮನೇಲಿ ಯಾರ ಕೈನೂ ಯಾರೂ ಹಾಗೆ…” ಅಷ್ಟರಲ್ಲಿ ಮೂರು ನಿಮಿಷದ ಗಂಟೆ ಹೊಡೆಯಿತು. ಅನುವಾದಕ್ಕೆ ಹಿಡಿದ ಸಮಯವನ್ನೂ ತಾಯಿಯ ಲೆಕ್ಕಕ್ಕೇ ಹಾಕಿದಿರಿ. “ಧನ್ಯವಾದ, ಮುಂದಿನವರು” ಎಂದಿರಿ. ನೀವು ಏನು ಹೇಳಿದಿರೆಂದು ಆ ತಾಯಿಗೆ ಅರ್ಥವಾಗಲಿಲ್ಲ. ಮಾತು ಮುಂದುವರಿಸಿದರು. ಮಗಳು ತೋಳು ಹಿಡಿದು, “ಸಾಕಂತೆ ಅಮ್ಮ, ಬಾ,” ಎಂದು ಕರೆದುಕೊಂಡು ಹೋದಳು. ಯಾವ ಗೆಲುವಿನಲ್ಲೂ ಸೋಲಿನಲ್ಲೂ ಆ ಹುಡುಗಿಯ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ.

ನಿಮ್ಮ ತೀರ್ಮಾನವನ್ನು ಒಪ್ಪುವ ಮಂಡಳಿಯ ಮತದಾನ ಎರಡು ನಿಮಿಷದಲ್ಲಿ ಮುಗಿಯಿತು. ಹನ್ನೊಂದು ಹುಡುಗಿಯರಲ್ಲಿ ಏಳು ಜನ ಕಾಲೇಜು ಬಿಟ್ಟರು. ವಿದ್ಯಾರ್ಥಿವೇತನ ಹೋದ ಮೇಲೆ ಯಾರೆಲಿ ಹಾಸ್ಟೆಲ್ ಕೊಠಡಿ ಖಾಲಿ ಮಾಡಿದಳು. ನರ್ಸಿಂಗ್ ಇನ್ನೊಂದು ವರ್ಷ ಬಾಕಿ ಇದೆ. ಈಗ ಅಮ್ಮ ಮನೆಗೆ ಹೊರಡುವ ಹೊತ್ತಿಗೆ ಮಗಳು ಅದೇ ಕಾರ್ಖಾನೆಯ ಗೇಟಿನೊಳಗೆ ಹೋಗುತ್ತಾಳೆ, ಮಧ್ಯಾಹ್ನದ ಪಾಳಿಗೆ.

ತಂಡವನ್ನು ನಾಳೆಯೇ ಮರಳಿ ಕೊಡಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ಆದರೆ ನೀವು ಕರೆದಿರೆಂದು ಬಂದವರಿಗೆ ಓದು ಮುಗಿಯುವವರೆಗೆ ವಿದ್ಯಾರ್ಥಿವೇತನ ಕೊಡಿ, ಬಿಟ್ಟುಹೋದವರನ್ನೂ ಸೇರಿಸಿ. ಬಂದ ಹಣ, ಹೋದ ಹಣ ಎರಡನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಊರಿಗೆ ತೋರಿಸಿ. ಒಫೇಲಿಯಾ ಅವರನ್ನು ಮಂಡಳಿ ಮತ್ತೆ ಕರೆಸಲಿ, ಅವರ ಮಾತು ಮುಗಿಯುವವರೆಗೆ ಕೇಳಲಿ.

ಕೊನೆಯದಾಗಿ, ಹೋದ ವಾರ ನೋಟಿಸ್ ಬೋರ್ಡಿನಲ್ಲಿ ‘ಕಾಲೇಜಿನ ಆಸ್ತಿ ಕಾಣೆಯಾಗಿದೆ’ ಎಂದು ಹಾಕಿಸಿದ್ದೀರಿ. ಕುಸ್ತಿ ಮ್ಯಾಟನ್ನು ತುಂಡು ಮಾಡಿ ಕಸದ ಡಬ್ಬಿಗೆ ಹಾಕು ಎಂದು ಅಪ್ಪಣೆ ಕೊಟ್ಟವರು ನೀವೇ. ಅದಕ್ಕೆ ಗಿರಾಕಿ ಸಿಕ್ಕ ಮೇಲೆ ಅದು ಆಸ್ತಿಯಾಯಿತು. ಹುಡುಕಬೇಡಿ, ನನ್ನ ಹತ್ತಿರ ಇದೆ. ನನ್ನ ಟ್ರ್ಯಾಕ್ಟರನ್ನು ಹಿಮದಲ್ಲಿ ಬಿಟ್ಟು ಅದರ ಶೆಡ್ಡಿನಲ್ಲಿ ಹಾಸಿದ್ದೇನೆ. ಟ್ರೂಡಿ ಸಂಬಳವಿಲ್ಲದೆ ಬರುತ್ತಾರೆ. ಯಾರೆಲಿ ಬರುತ್ತಾಳೆ, ಕಾಲೇಜಿನಲ್ಲೇ ಉಳಿದ ನಾಲ್ವರು ಬರುತ್ತಾರೆ. ಹೋದ ವಾರ ಹೈಸ್ಕೂಲಿನ ಮೂವರು ಹೊಸಬರು ಬಂದಿದ್ದರು. ಪೊಲೀಸರನ್ನು ಕಳಿಸುವುದಾದರೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿ, ಎಲ್ಲರೂ ಇರುತ್ತಾರೆ. ಬೂಟು ಮಾತ್ರ ಬಾಗಿಲಲ್ಲೇ ಬಿಚ್ಚಲಿ. ಹುಡುಗಿಯರು ಅದರ ಮೇಲೆ ಮುಖ ಊರುತ್ತಾರೆ.

ಇಂತಿ,
ಬಹುಶಃ ಸೋಮವಾರದಿಂದ ನಿಮ್ಮ ನೌಕರನಲ್ಲದ,
ವರ್ಲಿನ್ ಸ್ಟೂರ್